ಬಯಲಲ್ಲಿಟ್ಟ ಅನ್ನವನ್ನು ತಿಂದವರಾರು?

ಬೀದರ ಜಿಲ್ಲೆಯಲ್ಲಿ ಎಳ್ಳಮಾವಾಸ್ಯೆಯೆಂದರೆ ಊರು ಬರಿದಾಗಿ ಹೊಲ ತುಂಬುವ ದಿನ. ಬಸವಕಲ್ಯಾಣ, ಹುಮನಾಬಾದ ಸೀಮೆಯ ಒಕ್ಕಲು ಮಕ್ಕಳು ಅಂದು ಮನೆಮಂದಿಯನ್ನೂ ನಂಟರನ್ನೂ ಕೂಡಿಕೊಂಡು ಬುತ್ತಿ ಹೊತ್ತು ಹೊರಡುತ್ತಾರೆ. ಸಜ್ಜೆಯ ರೊಟ್ಟಿ, ಜೋಳದ ಕಡುಬು, ಹತ್ತಾರು ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾದ ಹೋಳಿಗೆ, ಗಡಿಗೆಯ ತುಂಬ ಅಂಬಲಿ. ಹೊಲದ ನಡುವೆ ಜೋಳದ ದಂಟಿನ ಕೊಂಪೆ ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ತಂದ ಅಡುಗೆಯಲ್ಲಿ ಒಂದು ಪಾಲನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ ಬರುತ್ತಾರೆ. ಇದೇ ಚರಗ.

ಚರಗವನ್ನು ತಿನ್ನುವವರು ಯಾರು? ಭೂಮಿತಾಯಿ ಈಗ ತುಂಬಿದ ಬಸುರಿ, ಅವಳಿಗೆ ಇದು ಬಯಕೆಯೂಟ ಎನ್ನುತ್ತಾರೆ ಮುದುಕಿಯರು. ಹೊಲ ಕಾಯುವ ಕಾಣದ ಶಕ್ತಿಗಳಿಗೆ ಎನ್ನುವವರುಂಟು. ಹಕ್ಕಿಪಕ್ಕಿ ಬಂದು ಅನ್ನದ ಜೊತೆಗೆ ಕಾಳಿಗೆ ಬಿದ್ದ ಹುಳವನ್ನೂ ಹೆಕ್ಕಲಿ ಎಂಬ ಉಪಾಯವಿದು ಎಂದು ಓದಿದವರು ಅರ್ಥ ಹೇಳುವುದೂ ಉಂಟು. ಆದರೆ ಮರುದಿನ ಬೆಳಗ್ಗೆ ಯಾರೂ ಹೊಲಕ್ಕೆ ಹೋಗಿ, ಅನ್ನ ಉಳಿದಿದೆಯೇ, ಹೆಜ್ಜೆ ಮೂಡಿದೆಯೇ ಎಂದು ನೋಡುವುದಿಲ್ಲ. ಕೊಟ್ಟದ್ದು ಕೊಟ್ಟಾಯಿತು, ರಸೀದಿ ಕೇಳುವ ಪದ್ಧತಿಯಿಲ್ಲ.

ರಸೀದಿ ಕೇಳಿದವರೂ ಇತಿಹಾಸದಲ್ಲಿ ಇದ್ದಾರೆ. ಕಣ್ಣಿಗೆ ಬೀಳದ ಪ್ರಾಣಿಯೊಂದಕ್ಕೆ ಬಯಲಲ್ಲಿ ಆಹಾರವಿಟ್ಟು, ಬೆಳಗಾದ ಮೇಲೆ ಅದರ ಇರವಿಗೆ ಸಾಕ್ಷಿ ಹುಡುಕುವ ಕೆಲಸ ಬಹು ಹಳೆಯದು. ಹಾಗೆ ಹುಡುಕಿದವರು ಕಂಡದ್ದೇನು ಎಂಬುದು ವಿಚಾರ ಮಾಡತಕ್ಕ ಸಂಗತಿ. ಅನ್ನ ಖಾಲಿಯಾದುದರಿಂದ ಏನು ಸಿದ್ಧವಾಗುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮಕ್ಕಳಾಟದಂತಿದೆ. ಅದಕ್ಕೆ ಕೊಟ್ಟ ತಪ್ಪು ಉತ್ತರದಿಂದ ಹಣ ಕಳೆದುಕೊಂಡವರೂ ಪ್ರಾಣ ಕಳೆದುಕೊಂಡವರೂ ಇದ್ದಾರೆ.

ನಮ್ಮ ಧರ್ಮಶಾಸ್ತ್ರಗಳಲ್ಲಿ ಗೃಹಸ್ಥನಿಗೆ ಹೇಳಿರುವ ಐದು ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಹಗಲು ಸಂಚರಿಸುವ ಭೂತಗಳಿಗೂ ಇರುಳು ಸಂಚರಿಸುವ ಭೂತಗಳಿಗೂ ಬಲಿಯನ್ನು ಆಕಾಶಕ್ಕೆ ಎಸೆಯಬೇಕೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ವಿಧಿಸುತ್ತದೆ. ಅಲ್ಲಿಯೇ, ಒಂದೆರಡು ಶ್ಲೋಕಗಳ ಅಂತರದಲ್ಲಿ, ನಾಯಿ, ಕಾಗೆ, ಕ್ರಿಮಿಗಳಿಗೂ ಸಮಾಜ ಹೊರಗಿಟ್ಟವರಿಗೂ ರೋಗಿಗಳಿಗೂ ಅನ್ನವನ್ನು ಮೆಲ್ಲನೆ ನೆಲದ ಮೇಲೆ ಇಡಬೇಕೆಂದಿದೆ. ಕಾಣದ ಭೂತಕ್ಕೂ ಕಾಣುವ ಕಾಗೆಗೂ ಒಂದೇ ಅಡುಗೆಯಿಂದ ಪಾಲು. ಮನುಷ್ಯರನ್ನು ನಾಯಿಗಳ ಸಾಲಿನಲ್ಲಿ ನಿಲ್ಲಿಸಿದ ಆ ವಿಂಗಡಣೆ ಇಂದು ನಮಗೆ ಒಪ್ಪತಕ್ಕದ್ದಲ್ಲ. ಆದರೂ ಇಲ್ಲಿ ಗಮನಿಸಬೇಕಾದುದು ಇಷ್ಟು: ಇಟ್ಟವನು ಇಟ್ಟು ಒಳಗೆ ಹೋಗುತ್ತಾನೆ, ಪರೀಕ್ಷೆಯ ಮಾತಿಲ್ಲ.

ಪರೀಕ್ಷೆಯ ಅತಿ ಪ್ರಸಿದ್ಧ ಕಥೆ ನಮ್ಮ ದೇಶದ್ದಲ್ಲ, ಬಾಬಿಲೋನಿನದು. ಬೈಬಲಿನ ದಾನಿಯೇಲನ ಗ್ರಂಥಕ್ಕೆ ಗ್ರೀಕ್ ಭಾಷೆಯಲ್ಲಿ ಸೇರಿಕೊಂಡಿರುವ ಭಾಗಗಳಲ್ಲಿ ಇದು ಬರುತ್ತದೆ. ಬೇಲ್ ಎಂಬ ದೇವರ ಮುಂದೆ ದಿನವೂ ಹನ್ನೆರಡು ದೊಡ್ಡ ಅಳತೆ ನಯವಾದ ಹಿಟ್ಟು, 40 ಕುರಿ, ಆರು ಕೊಡ ದ್ರಾಕ್ಷಾರಸ ಇಡುತ್ತಿದ್ದರು. ಬೆಳಗಾಗುವುದರೊಳಗೆ ಎಲ್ಲವೂ ಮಾಯ. ಇಷ್ಟು ಉಣ್ಣುವವನು ಜೀವಂತ ದೇವರಲ್ಲವೇ ಎಂದು ಅರಸ ಕೇಳಿದನಂತೆ. ದಾನಿಯೇಲ ವಾದಕ್ಕೆ ನಿಲ್ಲಲಿಲ್ಲ. ಪೂಜಾರಿಗಳು ಹೊರಟುಹೋದ ಮೇಲೆ ಅರಸನ ಎದುರಿನಲ್ಲೇ ಗುಡಿಯ ನೆಲದ ಮೇಲೆ ಬೂದಿ ಹರಡಿಸಿ, ಬಾಗಿಲಿಗೆ ಮುದ್ರೆ ಹಾಕಿಸಿದ. ಬೆಳಗ್ಗೆ ಮುದ್ರೆ ಒಡೆದಿರಲಿಲ್ಲ, ಅನ್ನ ಮಾತ್ರ ಇರಲಿಲ್ಲ. ನೆಲದ ಮೇಲೆ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆಗಳಿದ್ದವು. ಪೀಠದ ಕೆಳಗಿನ ಗುಪ್ತದ್ವಾರದಿಂದ 70 ಪೂಜಾರಿಗಳೂ ಅವರ ಸಂಸಾರಗಳೂ ರಾತ್ರಿ ಬಂದು ಉಂಡುಹೋಗುತ್ತಿದ್ದರು! ಕಥೆ ನಡೆದದ್ದೋ ಕಟ್ಟಿದ್ದೋ, ಅದರ ತರ್ಕ ಮಾತ್ರ ಇಂದಿಗೂ ಸವೆದಿಲ್ಲ. ಬರಿದಾದ ತಟ್ಟೆ ಯಾರೋ ತಿಂದರೆಂದು ಹೇಳುತ್ತದೆ. ಯಾರು ತಿಂದರೆಂದು ಹೇಳುವುದು ಬೂದಿಯೇ ಹೊರತು ತಟ್ಟೆಯಲ್ಲ.

ಬೂದಿಗೂ ಮೋಸ ಮಾಡಬಹುದೆಂದು ತೋರಿಸಿಕೊಟ್ಟ ಕಥೆ ನಮ್ಮದು. ಎಂಟನೆಯ ಶತಮಾನದ ಜೈನ ಪಂಡಿತ ಹರಿಭದ್ರಸೂರಿ ತನ್ನ ‘ಷಡ್ದರ್ಶನಸಮುಚ್ಚಯ’ದಲ್ಲಿ ಲೋಕಾಯತರ ಮತವನ್ನು ಹೇಳುವಾಗ ‘ತೋಳದ ಹೆಜ್ಜೆ’ ಎಂದು ಒಂದು ಸೂಚನೆಯನ್ನಿತ್ತು ಸುಮ್ಮನಾಗುತ್ತಾನೆ. ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳಿದ್ದಾರೆ. ಒಬ್ಬ ನಾಸ್ತಿಕನ ಹೆಂಡತಿ ಬಹಳ ಶ್ರದ್ಧಾವಂತೆ. ಶಾಸ್ತ್ರಜ್ಞರು ಹೇಳಿದ್ದೆಲ್ಲ ಸತ್ಯವೆಂದು ನಂಬಿದವಳು. ಒಂದು ರಾತ್ರಿ ಗಂಡ ಅವಳನ್ನು ಕರೆದುಕೊಂಡು ಊರ ಹೊರಗೆ ಹೋದ. ಊರಬಾಗಿಲಿನಿಂದ ಚೌಕದವರೆಗೆ ದಾರಿಯ ಧೂಳಿನಲ್ಲಿ ತನ್ನ ಕೈಬೆರಳುಗಳನ್ನೇ ಒತ್ತಿ ತೋಳದ ಹೆಜ್ಜೆಗಳನ್ನು ಮೂಡಿಸುತ್ತ ಬಂದ. ಬೆಳಗಾಯಿತು, ಜನ ನೆರೆದರು, ಊರಿನ ವಿದ್ವಾಂಸರೂ ಬಂದರು. ರಾತ್ರಿ ಕಾಡಿನಿಂದ ತೋಳ ಬಂದಿರಲೇಬೇಕು, ಇಲ್ಲದಿದ್ದರೆ ಈ ಹೆಜ್ಜೆಗಳು ಹೇಗೆ ಮೂಡುತ್ತಿದ್ದವು ಎಂದು ಅವರು ತೀರ್ಮಾನ ಕೊಟ್ಟರು. ಆಗ ಗಂಡ ಹೆಂಡತಿಗೆ, ನೀನು ನಂಬಿದವರ ಪಾಂಡಿತ್ಯ ನೋಡಿದೆಯಾ ಎಂದನಂತೆ.

ಈ ವಿದ್ವಾಂಸರು ದಡ್ಡರೇನಲ್ಲ. ಅವರು ನಡೆದದ್ದು ಶಾಸ್ತ್ರ ಒಪ್ಪಿದ ದಾರಿಯಲ್ಲೇ. ಮೀಮಾಂಸಕರಲ್ಲಿ ಅರ್ಥಾಪತ್ತಿ ಎಂಬ ಪ್ರಮಾಣವುಂಟು. ಅದರ ಪ್ರಸಿದ್ಧ ಉದಾಹರಣೆ ದೇವದತ್ತನದು. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು. ಬೇರೆ ಯಾವ ವಿವರಣೆಯೂ ಹೊಂದದಿದ್ದಾಗ ಮಾತ್ರ ಇದು ಸಲ್ಲುತ್ತದೆ. ತೋಳದ ಹೆಜ್ಜೆಗೆ ತೋಳವೇ ಬೇಕಾಗಿಲ್ಲ, ಬೆರಳೂ ಸಾಕು ಎಂದೊಡನೆ ತರ್ಕ ಕುಸಿದುಬೀಳುತ್ತದೆ. ಬಯಲಲ್ಲಿಟ್ಟ ಅನ್ನವೂ ಹೀಗೆಯೇ. ಅದನ್ನು ತಿನ್ನಲು ನಾಯಿ, ನರಿ, ಹೆಗ್ಗಣ, ಕಾಗೆ, ಇರುವೆ, ಹಸಿದ ದಾರಿಹೋಕ ಎಲ್ಲರೂ ಸಿದ್ಧರಾಗಿರುವಾಗ, ಅವರೆಲ್ಲರನ್ನೂ ದಾಟಿ ಯಕ್ಷನ ಬಳಿಗೆ ಹಾರುವುದಕ್ಕೆ ಕಾರಣವೇನು?

ಕಾರಣ ಒಮ್ಮೊಮ್ಮೆ ಅಜ್ಞಾನ, ಒಮ್ಮೊಮ್ಮೆ ಲಾಭ. ಲಾಭದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವನು ಕೌಟಿಲ್ಯ. ಅವನ ‘ಅರ್ಥಶಾಸ್ತ್ರ’ ಹೆಸರಿನಲ್ಲಿ ಮಾತ್ರ ಉಳಿದು ಕಣ್ಮರೆಯಾಗಿದ್ದ ಗ್ರಂಥ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಐದನೆಯ ಅಧಿಕರಣದಲ್ಲಿ ಬರಿದಾದ ಬೊಕ್ಕಸವನ್ನು ತುಂಬುವ ಉಪಾಯಗಳಿವೆ. ಗೂಢಚಾರರು ಮರದ ಮೇಲೆ ರಾಕ್ಷಸನಿದ್ದಾನೆಂದೂ ಅವನು ನರಬಲಿ ಬೇಡುತ್ತಾನೆಂದೂ ಹುಯಿಲೆಬ್ಬಿಸಬೇಕು. ಆಮೇಲೆ ಪೌರರಿಂದ ಹಣ ಪಡೆದು ಅದಕ್ಕೆ ಪರಿಹಾರ ಮಾಡಿಸಬೇಕು. ಸುರಂಗವಿರುವ ಬಾವಿಯೊಳಗೆ ಹಲವು ಹೆಡೆಯ ನಾಗನನ್ನು ತೋರಿಸಿ ದರ್ಶನಕ್ಕೆ ಕಾಣಿಕೆ ಎತ್ತಬೇಕು. ಗುಡಿಯ ಬಿರುಕಿನಲ್ಲಿಯೋ ಹುತ್ತದ ಬಾಯಲ್ಲಿಯೋ, ಆಹಾರ ಕೊಟ್ಟು ಮಂಕು ಕವಿಸಿದ ಹಾವನ್ನು ಶ್ರದ್ಧಾವಂತರಿಗೆ ತೋರಿಸಬೇಕು. ನಂಬದವರ ಪಾಡೇನು? ಅವರು ಆಚಮನ ಮಾಡುವ ನೀರಿನಲ್ಲಿ ವಿಷ ಬೆರೆಸಿ, ದೇವತೆಯ ಶಾಪ ತಟ್ಟಿತೆಂದು ಸಾರಬೇಕು!

ಈ ಪುಟಗಳನ್ನು ಓದಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅದ್ಭುತ ಪ್ರಾಣಿಗೆ ಅನ್ನವಿಡುವ ಹಳ್ಳಿಗನ ಬಗೆಗೆ ನಗುವುದು ಸುಲಭ. ಆದರೆ ಅವನ ಮುಂದೆ ಸಾಕ್ಷ್ಯವನ್ನು ಹೂಡುತ್ತಿದ್ದವರು ಹಳ್ಳಿಗರಲ್ಲ. ಶಾಸ್ತ್ರ ಓದಿದವರು, ಅರಮನೆಯ ಸಂಬಳ ತಿನ್ನುವವರು. ಹಾವಿಗೆ ಆಹಾರ ಕೊಟ್ಟವರು ಅವರೇ, ಹಾವನ್ನು ತೋರಿಸಿ ಆಹಾರ ಪಡೆದವರೂ ಅವರೇ.

ಈಗ ಬಸವಕಲ್ಯಾಣದ ಕಡೆಗೆ ತಿರುಗೋಣ. ಅದು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, 1129ರ ಸುಮಾರಿಗೆ, ಮೂರನೆಯ ಸೋಮೇಶ್ವರ ಎಂಬ ಅರಸ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜ್ಯಭಾರದಿಂದ ಹಿಡಿದು ಅಡುಗೆ, ಸಂಗೀತ, ಆನೆ, ಕುದುರೆಯವರೆಗೆ ಅವನು ಹೇಳದ ವಿಷಯವಿಲ್ಲ. ಅದರಲ್ಲಿ ಮತ್ಸ್ಯವಿನೋದವೆಂಬ ಭಾಗ ನಮ್ಮ ಪ್ರಸ್ತುತಕ್ಕೆ ಬಹಳ ಬೇಕಾದುದು. ಕಡಲಿನ ಮೀನಾವುದು, ಹೊಳೆಯ ಮೀನಾವುದು. ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು. ಯಾವ ಜಾತಿಗೆ ಯಾವ ಆಹಾರ ಹಿತ. ಗಾಣ, ದಾರ, ಕೋಲು ಹೇಗಿರಬೇಕು—ಎಲ್ಲವನ್ನೂ ಅರಸ ವಿಂಗಡಿಸಿ ಬರೆಯುತ್ತಾನೆ. ನೀರಿನ ಆಳದಲ್ಲಿರುವ ಮೀನೂ ಕಣ್ಣಿಗೆ ಕಾಣದ ಪ್ರಾಣಿಯೇ. ಅದಕ್ಕೂ ಆಹಾರವಿಟ್ಟು ಕಾಯಬೇಕು. ಆದರೆ ಇಲ್ಲಿ ದಾರದ ತುದಿಯಲ್ಲಿ ಸಿಕ್ಕದ್ದನ್ನು ಮೇಲೆತ್ತಿ ನೋಡಬಹುದು. ಊಹೆ ತಪ್ಪಿದ್ದರೆ ಮರುದಿನ ಆಹಾರವನ್ನು ಬದಲಾಯಿಸಬಹುದು. ತಪ್ಪನ್ನು ತಾನೇ ತಿದ್ದಿಕೊಳ್ಳುವ ಈ ಗುಣದಿಂದ ಗಾಣಕ್ಕೆ ಹಾಕಿದ ಎರೆ ವಿದ್ಯೆಯಾಯಿತು.

ಸೋಮೇಶ್ವರನ ತರುವಾಯ ಮೂವತ್ತು ನಲವತ್ತು ವರ್ಷಗಳಲ್ಲಿ ಅದೇ ಕಲ್ಯಾಣದಲ್ಲಿ, ಬಿಜ್ಜಳನ ಆಳಿಕೆಯಲ್ಲಿ, ಬಸವಣ್ಣನವರು ಬೇರೊಂದು ಪ್ರಶ್ನೆ ಕೇಳಿದರು. ಕಲ್ಲಿನ ಹಾವಿಗೆ ಹಾಲು, ನಿಜವಾದ ಹಾವಿಗೆ ದೊಣ್ಣೆ. ಉಣ್ಣಬಲ್ಲ ಜಂಗಮನಿಗೆ ಇಲ್ಲ, ಉಣ್ಣಲಾರದ ಲಿಂಗಕ್ಕೆ ನೈವೇದ್ಯ ಎಂಬ ಅವರ ವಚನದ ತಾತ್ಪರ್ಯ ಕನ್ನಡಿಗರಿಗೆಲ್ಲ ತಿಳಿದದ್ದೇ. ಅದನ್ನು ಬರಿಯ ಮೂರ್ತಿಪೂಜೆಯ ಖಂಡನೆಯೆಂದು ಓದುವುದು ವಾಡಿಕೆ. ಅನ್ನದ ಕಡೆಯಿಂದ ಓದಿದರೆ ಅದು ಸಾಕ್ಷ್ಯದ ವಿಚಾರವೂ ಹೌದು. ಉಂಡವನು ಎದುರಿಗೆ ನಿಂತು ಉಂಡೆನೆಂದು ಹೇಳಬಲ್ಲವನಾದರೆ ಅವನಿಗೆ ಹೆಜ್ಜೆಯ ಗುರುತು, ಬೂದಿ, ಮುದ್ರೆ ಒಂದೂ ಬೇಕಾಗಿಲ್ಲ. ಅವನ ಹಸಿವೇ ಪ್ರಮಾಣ. ಸಂದೇಹವಿರುವ ಕಡೆ ಅನ್ನ ಧಾರಾಳವಾಗಿ, ಸಂದೇಹವೇ ಇಲ್ಲದ ಕಡೆ ಜಿಪುಣತನದಿಂದ ಹೋಗುತ್ತಿದೆಯೆಂಬುದು ಆ ಪ್ರಶ್ನೆಯ ಇರಿತ.

ಕಲ್ಲಿನ ಹಾವಿರಲಿ, ನಿಜವಾದ ಹಾವೂ ಹುತ್ತಕ್ಕೆರೆದ ಹಾಲನ್ನು ಬಯಸುವ ಪ್ರಾಣಿಯಲ್ಲ. ಇಲಿ, ಕಪ್ಪೆ, ಹಲ್ಲಿಗಳನ್ನು ನುಂಗಿ ಬದುಕುವ ಸರ್ಪಕ್ಕೆ ಹಾಲು ಸಹಜ ಆಹಾರವೇ ಅಲ್ಲವೆಂಬುದು ಉರಗಶಾಸ್ತ್ರಜ್ಞರ ನಿಶ್ಚಿತ ಅಭಿಪ್ರಾಯ. ಹಾವಾಡಿಗರ ಬುಟ್ಟಿಯ ಹಾವು ನಾಗರಪಂಚಮಿಯಂದು ಹಾಲಿಗೆ ಬಾಯಿ ಹಾಕಿದರೆ ಅದು ದಿನಗಟ್ಟಲೆ ನೀರಿಲ್ಲದೆ ಬಾಯಾರಿದ್ದರಿಂದ. ಎರೆದ ಹಾಲು ಮಣ್ಣಿಗಿಂಗುತ್ತದೆ, ಉಳಿದದ್ದು ಇರುವೆಗೆ. ಬಟ್ಟಲು ಬರಿದಾಗಿದೆಯೆಂಬುದು ನಿಜ. ನಾಗಪ್ಪ ಕುಡಿದನೆಂಬುದು ನಾವು ಕೂಡಿಸಿದ ಮಾತು. 1995ರ ಸೆಪ್ಟೆಂಬರ್ 21ರಂದು ದೇಶದ ಉದ್ದಗಲಕ್ಕೂ ಗಣೇಶನ ಮೂರ್ತಿಗಳು ಹಾಲು ಕುಡಿದವೆಂಬ ಸುದ್ದಿ ಹಬ್ಬಿದಾಗಲೂ ಇದೇ ಆಯಿತು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ನೋಡಿದರು. ಮೇಲ್ಮೈ ಎಳೆತದಿಂದ ಚಮಚ ಬಿಟ್ಟ ಹಾಲು ಮೂರ್ತಿಯ ಮೈಮೇಲೆ ತೆಳುವಾಗಿ ಇಳಿದುಹೋಗುತ್ತಿತ್ತು. ದಾನಿಯೇಲನ ಬೂದಿಯ ಕೆಲಸವನ್ನು ಈ ಸಲ ಬಣ್ಣ ಮಾಡಿತು.

ನಮ್ಮ ಕಾಲದಲ್ಲಿ ಅದ್ಭುತ ಪ್ರಾಣಿಗಳ ಬೇಟೆ ಪಶ್ಚಿಮದವರ ಉತ್ಸಾಹದಿಂದ ಹೊಸ ರೂಪ ತಾಳಿದೆ. ಅಮೆರಿಕದ ವಾಯವ್ಯ ಭಾಗದ ಕಾಡುಗಳಲ್ಲಿ ಮೈತುಂಬ ಕೂದಲಿರುವ ಮಹಾಕಾಯದ ಮನುಷ್ಯನೊಬ್ಬನಿದ್ದಾನೆಂದು ನಂಬುವವರು ಬಹಳ ಮಂದಿ. ದೊಡ್ಡ ಹೆಜ್ಜೆಯ ಕಾರಣದಿಂದ ಅವನಿಗೆ ‘ಬಿಗ್‌ಫುಟ್’ ಎಂಬ ಹೆಸರು. 2000ನೆಯ ಇಸವಿಯ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಗಿಫರ್ಡ್ ಪಿಂಚೋ ಅರಣ್ಯಕ್ಕೆ ಹೋದ ತಂಡವೊಂದು ದಾರಿಯ ಬದಿಯ ಕೆಸರಿನ ನಡುವೆ ಹಣ್ಣುಗಳನ್ನಿಟ್ಟು ಬಂತು. ಹಣ್ಣಿಗೆ ಬಂದವನ ಹೆಜ್ಜೆ ಕೆಸರಿನಲ್ಲಿ ಮೂಡಲೆಂಬುದು ಉಪಾಯ. ಬೆಳಗ್ಗೆ ನೋಡಿದರೆ ಹಣ್ಣಿಗೆ ಬಾಯಿ ಬಿದ್ದಿತ್ತು. ಕೆಸರಿನಲ್ಲಿ ಹೆಜ್ಜೆಯ ಬದಲು ದೊಡ್ಡ ಮೈಯೊಂದು ಒರಗಿದ ಅಚ್ಚಿತ್ತು. ಮಹಾಕಾಯ ಪಕ್ಕಕ್ಕೆ ಒರಗಿ ಕೈಚಾಚಿ ಹಣ್ಣು ತೆಗೆದುಕೊಂಡನೆಂದು ತಂಡದವರು ಅರ್ಥ ಮಾಡಿ, ಗಾರೆಯಲ್ಲಿ ಅಚ್ಚೆತ್ತಿದರು. ಎಲ್ಕ್ ಎಂಬ ದೊಡ್ಡ ಜಿಂಕೆ ನೆಲಕ್ಕೊರಗಿ ಏಳುವಾಗ ಮೂಡುವ ಗುರುತು ಇಂಥದ್ದೇ ಎಂದು ಪ್ರಾಣಿಗಳ ಜಾಡು ಬಲ್ಲ ಇತರರು ತೋರಿಸಿದರು. ಹರಿಭದ್ರ ಇದನ್ನು ಕಂಡಿದ್ದರೆ ನಕ್ಕು ಸುಮ್ಮನಾಗುತ್ತಿದ್ದ.

ನಮ್ಮ ಹಿಮಾಲಯದ ಯೇತಿಯ ಚರಿತ್ರೆಯೂ ಹೆಚ್ಚು ಬೇರೆಯಲ್ಲ. 1951ರಲ್ಲಿ ಎರಿಕ್ ಶಿಪ್ಟನ್ ಹಿಮನದಿಯ ಮೇಲೆ ತೆಗೆದ ಹೆಜ್ಜೆಯ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. 1960–61ರಲ್ಲಿ ಎಡ್ಮಂಡ್ ಹಿಲರಿ ತಂಡ ಕಟ್ಟಿ ಹುಡುಕಿ, ಖುಮ್‌ಜುಂಗ್ ಹಳ್ಳಿಯ ಗುಂಪಾದಲ್ಲಿ ಯೇತಿಯದೆಂದು ಕಾಪಾಡಿದ್ದ ನೆತ್ತಿಯ ಚರ್ಮವನ್ನು ಎರವಲು ತಂದು ತಜ್ಞರಿಗೆ ತೋರಿಸಿದ. ಅದು ಸೆರೋ ಎಂಬ ಮೇಕೆಯ ಬಳಗದ ಕಾಡುಪ್ರಾಣಿಯ ತೊಗಲಿನಿಂದ ಮಾಡಿದ್ದೆಂದು ತಿಳಿಯಿತು. ಬಿಸಿಲಿಗೆ ಹಿಮ ಕರಗಿದಾಗ ಸಣ್ಣ ಪ್ರಾಣಿಯ ಹೆಜ್ಜೆಗಳೂ ಹಿಗ್ಗಿ ಒಂದಕ್ಕೊಂದು ಕೂಡಿ ದೈತ್ಯನ ಪಾದದಂತೆ ಕಾಣುತ್ತವೆಂಬುದೂ ಗೊತ್ತಾಯಿತು. 2017ರಲ್ಲಿ ಯೇತಿಯದೆಂದು ಹೇಳಲಾದ ಕೂದಲು, ಎಲುಬು ಮುಂತಾದ ಒಂಬತ್ತು ಅವಶೇಷಗಳ ಡಿ.ಎನ್.ಎ. ಪರೀಕ್ಷೆ ನಡೆಯಿತು, ಎಂಟು ಕರಡಿಗಳವು, ಒಂದು ನಾಯಿಯದು. ಆದರೂ 2019ರ ಏಪ್ರಿಲಿನಲ್ಲಿ ನಮ್ಮ ಸೇನೆಯ ಪರ್ವತಾರೋಹಿಗಳು ಮಕಾಲು ತಪ್ಪಲಿನಲ್ಲಿ 32 ಅಂಗುಲ ಉದ್ದದ ಹೆಜ್ಜೆ ಕಂಡರೆಂಬ ಪ್ರಕಟಣೆ ಹೊರಟಾಗ ದೇಶವೆಲ್ಲ ಒಂದು ದಿನ ಯೇತಿಯನ್ನು ನೆನೆಯಿತು.

ಕಾಣದ ಪ್ರಾಣಿಯನ್ನು ಕಾಣುವ ವಿದ್ಯೆ ಇಲ್ಲವೆಂದಲ್ಲ. 1920ರ ದಶಕದಲ್ಲಿಯೇ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಕಾಡುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದನ್ನು ತುಳಿದ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ್ದ. 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಇಂಥ ಕ್ಯಾಮರಾಗಳಿಂದ ಒಂದೊಂದು ಹುಲಿಯನ್ನೂ ಅದರ ಪಟ್ಟೆಗಳಿಂದ ಗುರುತಿಸಿ ಎಣಿಸುವ ವಿಧಾನವನ್ನು ಬೆಳೆಸಿದರು. ಇರುವ ಪ್ರಾಣಿ ಎಷ್ಟೇ ನಾಚಿಕೆಯದಾದರೂ ಇಂದಲ್ಲ ನಾಳೆ ತಂತಿ ತುಳಿಯುತ್ತದೆ. ವರ್ಷಗಟ್ಟಲೆ ಅನ್ನವನ್ನು ಮಾತ್ರ ತಿಂದು, ಮುಖವನ್ನು ಒಮ್ಮೆಯೂ ತೋರಿಸದ ಪ್ರಾಣಿಯ ಬಗೆಗೆ ಅನುಮಾನ ಪಡುವುದು ಅಶ್ರದ್ಧೆಯಲ್ಲ, ವಿವೇಕ.

ಇತಿಹಾಸ ಬರೆಯುವವರಿಗೂ ಈ ಎಚ್ಚರ ಬೇಕು. ಬಸವಕಲ್ಯಾಣದ ಸಮೀಪದಲ್ಲಿ ಮೋರಖಂಡಿ ಎಂಬ ಹಳ್ಳಿಯಿದೆ. ರಾಷ್ಟ್ರಕೂಟರ ಮೂರನೆಯ ಗೋವಿಂದ ಕ್ರಿ.ಶ. 808ರ ಆಸುಪಾಸಿನಲ್ಲಿ ಹೊರಡಿಸಿದ ವಣಿ, ರಾಧನಪುರದ ತಾಮ್ರಶಾಸನಗಳು ಮಯೂರಖಂಡಿಯಲ್ಲಿದ್ದಾಗ ಕೊಟ್ಟವು. ‘ಮೋರ’ನೂ ‘ಮಯೂರ’ನೂ ಒಂದೇ ನವಿಲು, ಆದ್ದರಿಂದ ಮಳಖೇಡಕ್ಕಿಂತ ಹಿಂದಿನ ರಾಷ್ಟ್ರಕೂಟ ರಾಜಧಾನಿ ಈ ಹಳ್ಳಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ವಣಿಯ ಸಮೀಪ, ನಾಸಿಕ ಜಿಲ್ಲೆಯಲ್ಲಿರುವ ಮೋರಖಂಡವೆಂಬ ಗಿರಿದುರ್ಗವೇ ಅದೆಂದು ಬ್ಯೂಲರ್ ಮೊದಲಾದವರು ಹೇಳಿದ್ದರು. ಅದು ರಾಜಧಾನಿಯಲ್ಲ, ದಂಡು ಬೀಡುಬಿಟ್ಟ ತಾಣವೆಂಬ ಮೂರನೆಯ ವಾದವೂ ಇದೆ. ಹೆಸರಿನ ಹೋಲಿಕೆ ಧೂಳಿನಲ್ಲಿ ಮೂಡಿದ ಹೆಜ್ಜೆಯಂತೆ. ಅದು ದಾರಿ ತೋರಿಸಬಲ್ಲದು; ಆ ದಾರಿಯ ಕೊನೆಯಲ್ಲಿ ಕಲ್ಲೋ ಶಾಸನವೋ ಸಿಗುವವರೆಗೆ ನಮ್ಮ ಊರಿನ ಅಭಿಮಾನ ತೀರ್ಪು ಕೊಡಬಾರದು. ನಮಗೆ ಬೇಕಾದ ಪ್ರಾಣಿಯ ಹೆಜ್ಜೆಯನ್ನು ನಮ್ಮ ಬೆರಳೇ ಮೂಡಿಸುವ ಅಪಾಯ ಪಂಡಿತನಿಗೂ ತಪ್ಪಿದ್ದಲ್ಲ.

ಅಪಾಯ ಪಾಂಡಿತ್ಯದಲ್ಲಿಯೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ನಿಧಿ ಕಾಯುವ ಸರ್ಪವಿದೆ, ಭೂತವಿದೆ, ಅದಕ್ಕೆ ಬಲಿ ಬೇಕು ಎಂಬ ಮಾತು ಕೌಟಿಲ್ಯನ ಕಾಲಕ್ಕೇ ನಿಂತುಹೋಗಲಿಲ್ಲ. ಕರ್ನಾಟಕ ವಿಧಾನಮಂಡಲ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆ ಮಾಡಬೇಕಾಯಿತು. 2020ರಲ್ಲಿ ಅದು ಜಾರಿಗೆ ಬಂತು. ನಿಧಿಯಾಸೆಯಿಂದ ನಡೆಯುವ ಕ್ರೂರ ಆಚರಣೆಗಳನ್ನು ಅದು ನಿಷೇಧಿಸುತ್ತದೆ. ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ಮುಟ್ಟುವುದಿಲ್ಲ. ಎಲ್ಲಿ ಗೆರೆ ಎಳೆಯಬೇಕೆಂಬ ಬಗೆಗೆ ಬಹಳ ಚರ್ಚೆ ನಡೆದಿತ್ತು. ಗೆರೆ ಕಷ್ಟದ್ದೇನಲ್ಲವೆಂದು ತೋರುತ್ತದೆ. ಕಾಣದ್ದರ ಹೆಸರಿನಲ್ಲಿ ನಾವು ನಮ್ಮದನ್ನು ಕೊಡುತ್ತಿದ್ದೇವೆಯೇ, ಅಥವಾ ಕಾಣದ್ದನ್ನು ಮುಂದಿಟ್ಟು ಮತ್ತೊಬ್ಬರಿಂದ ಕಿತ್ತುಕೊಳ್ಳುತ್ತಿದ್ದೇವೆಯೇ ಎಂದು ಕೇಳಿದರೆ ಸಾಕು.

ಹೊಲದಲ್ಲಿ ಅನ್ನ ಚೆಲ್ಲುವವನು ಯಾರಿಗೂ ಏನನ್ನೂ ಸಾಬೀತು ಮಾಡಹೊರಟವನಲ್ಲ. ಅವನ ಅನ್ನವನ್ನು ಹಕ್ಕಿ ತಿಂದರೂ ಸರಿ, ಇರುವೆ ತಿಂದರೂ ಸರಿ. ಅದನ್ನು ದೇವತೆಯೇ ಉಂಡಳೆಂದು ಸಾಧಿಸಿ ತೋರಿಸುತ್ತೇನೆಂದು ಒಬ್ಬ ಮುಂದೆ ಬಂದನೆಂದರೆ ಮಾತ್ರ, ಆ ರಾತ್ರಿ ನೆಲಕ್ಕೆ ಸ್ವಲ್ಪ ಬೂದಿ ಹರಡುವುದು ಒಳ್ಳೆಯದು.